ಟಿ.ವಿ.ಯ ಬೆನ್ನು ಬಿಚ್ಚಿದ ದಿನ

ಬೇಸಿಗೆ ರಜೆಯ ಮೊದಲ ವಾರದಲ್ಲಿ ಒಂದು ಮುಂಜಾನೆ ನಮ್ಮ ಮನೆಯ ಟಿ.ವಿ. ಹತ್ತಲಿಲ್ಲ. ಅದನ್ನು ಮೊದಲು ಕಂಡವರು ನಮ್ಮ ಅತ್ತೆ. ದಿನಾ ಆರೂವರೆಗೆ ಬರುವ ವಚನಗಾಯನ ಕೇಳುತ್ತ ಚಹಾ ಕುಡಿಯುವುದು ಅವರ ರೂಢಿ. ನಾನು ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟು ನಾದುತ್ತಿದ್ದೆ.

“ಯವ್ವಾ, ಬಾ ಇಲ್ಲೆ. ಇದರ ಕೆಂಪ ಲೈಟ್ ಹತ್ತೈತಿ, ಚಿತ್ರ ಬರವಲ್ದು,” ಎಂದು ಕೂಗಿದರು.

ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ರಿಮೋಟ್ ಒತ್ತಿದರೆ ಒಳಗೆ ಎಲ್ಲೋ ಟಕ್ ಎನ್ನುತ್ತಿತ್ತು, ಕೆಂಪು ದೀಪ ಎರಡು ಸಲ ಮಿಣುಕುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ರಿಮೋಟಿನ ಸೆಲ್ ಇಳಿದಿರಬಹುದೆಂದು ಅದನ್ನು ಫೋನಿನ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿದೆ. ರಿಮೋಟಿನ ತುದಿಯಲ್ಲಿ ನೇರಳೆ ಬಣ್ಣದ ಬೆಳಕು ಫೋನಿನಲ್ಲಿ ಕಾಣಿಸಿತು, ಸೆಲ್ ಸರಿಯಿತ್ತು. ಅತ್ತೆ ಬಗ್ಗಿ ಒಮ್ಮೆ ರಿಮೋಟ್ ನೋಡಿದರು, ಒಮ್ಮೆ ಫೋನ್ ನೋಡಿದರು.

“ನಮ್ಮ ಕಣ್ಣಿಗೆ ಕಾಣಲಾರದ್ದು ಇದಕ್ಕ ಕಾಣತೈತೇನ?”

“ಹೌದ್ರಿ ಅತ್ತಿ.”

“ಯಾಕ?”

ಉತ್ತರ ಹೇಳಿದೆ, ಆದರೆ ಅದು ಪುಸ್ತಕದಲ್ಲಿ ಓದಿದ್ದ ಉತ್ತರ. ನಾನು ಹುಬ್ಬಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತು ವರ್ಷಗಳಿಂದ ಬೋರ್ಡಿನ ಮೇಲೆ ಸೆಲ್ಲು, ಬಲ್ಬು, ಸ್ವಿಚ್ಚಿನ ಚಿತ್ರ ಬಿಡಿಸುತ್ತಲೇ ಇದ್ದೇನೆ. ಮನೆಯಲ್ಲಿ ಮಾತ್ರ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಬಿಚ್ಚಿ ನೋಡಿದವಳಲ್ಲ. ಅಂಥ ಕೆಲಸಗಳೆಲ್ಲ ನಮ್ಮ ಯಜಮಾನರಿಗೆ ಸೇರಿದವು. ಅವರು ತಾರಿಹಾಳದಲ್ಲಿ ಪಂಪಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಇದ್ದಾರೆ, ಅಂದು ಮುಂಜಾನೆಯ ಪಾಳಿಗೆ ಹೋಗಿದ್ದರು. ಫೋನ್ ಮಾಡಿದರೆ, “ಏಳ ವರ್ಷ ಆತಲ್ಲ, ಬಿಡು. ಹೊಸಾದ ತರೂಣು,” ಎಂದರು.

ಹೊಸದು ತರುವುದು ಸುಲಭವೇ. ಆದರೆ ಹಿಂದಿನ ರಾತ್ರಿಯವರೆಗೆ ನಡೆದದ್ದು ಈಗ ಯಾಕೆ ನಿಂತಿತು ಎಂಬುದು ನನ್ನ ತಲೆಯಿಂದ ಹೋಗಲೇ ಇಲ್ಲ. ನಮ್ಮ ಶಾಲೆಯ ಅಡುಗೆಯವಳು ಒಮ್ಮೆ ಹೇಳಿದ್ದಳು: ಗಬ್ಬೂರಿನಲ್ಲಿ, ಬೈಪಾಸಿಗೆ ಹತ್ತಿರ, ಒಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಟಿ.ವಿ. ರಿಪೇರಿ ಮಾಡುತ್ತಾರೆ ಅಂತ. ಅವಳಿಂದ ವಿಳಾಸ ಕೇಳಿಕೊಂಡೆ. ಟಿ.ವಿ.ಯನ್ನು ಗೋಡೆಯಿಂದ ಇಳಿಸಿ ಎರಡು ಕೌದಿಯಲ್ಲಿ ಸುತ್ತಿ ಆಟೋದಲ್ಲಿ ನಿಲ್ಲಿಸಿಕೊಂಡು ಹೊರಟಾಗ ಅತ್ತೆಯೂ ಸೀರೆ ಬದಲಿಸಿಕೊಂಡು ಬಂದು ನಿಂತಿದ್ದರು.

“ನಾನೂ ಬರತೇನಿ. ಅದರ ಹೊಟ್ಟ್ಯಾಗ ಏನೇನ ಐತಿ ನೋಡೂಣು.”

ರಿಪೇರಿಯವರು ಐವತ್ತು ದಾಟಿದವರು. ದಪ್ಪ ಕನ್ನಡಕ, ಹಣೆಯಲ್ಲಿ ವಿಭೂತಿ. ಡಬ್ಬದಂಥ ಹಳೆಯ ಟಿ.ವಿ.ಗಳ ಕಾಲದಿಂದ ಇದೇ ಕೆಲಸವಂತೆ. ನಮ್ಮನ್ನು ಕೂಡಿಸಿ, ಟಿ.ವಿ.ಯನ್ನು ಮುಟ್ಟುವ ಮೊದಲು ಡಾಕ್ಟರರ ಹಾಗೆ ಪ್ರಶ್ನೆ ಕೇಳಿದರು.

“ಒಮ್ಮಿಗಿಲೆ ಬಂದ್ ಆತೋ, ಮೊದಲ ಏನರ ತ್ರಾಸ ಕೊಟ್ಟಿತ್ತೋ?”

“ಒಮ್ಮಿಗಿಲೇರಿ,” ಎಂದೆ ನಾನು.

“ಇಲ್ರಿ,” ಎಂದರು ಅತ್ತೆ. “ಹದಿನೈದ ದಿನದಿಂದ ಎರಡ ತ್ರಾಸ ಇದ್ದೂ. ಮುಂಜಾನೆ ಹಚ್ಚಿದ್ರ ನಾಕೈದ ಸಲ ಟಕ್ ಟಕ್ ಅಂದು ಆಮ್ಯಾಲ ಹತ್ತತಿತ್ತು. ಇನ್ನೊಂದ ಅಂದ್ರ, ನಡಕ ನಡಕ ಚಿತ್ರ ಹೋಗಿ ಕರ್ರಗ ಆಗತಿತ್ತು. ಧ್ವನಿ ಮಾತ್ರ ಇರತಿತ್ತು. ಎಡಗಡೆ ಮಗ್ಗಲಿಗೆ ಹಗೂರಕ ಬಡದ್ರ ತಿರಗಿ ಬರತಿತ್ತು.”

ನನಗೆ ನಾಚಿಕೆಯಾಯಿತು. ಅವರು ಹಾಗೆ ಬಡಿಯುವುದನ್ನು ಕಂಡು, “ಬಡೀಬ್ಯಾಡ್ರಿ ಅತ್ತಿ, ಇದ್ದದ್ದೂ ಕೆಡತೈತಿ,” ಎಂದು ಎರಡು ಸಲ ಗದರಿಸಿದ್ದೆ. ಯಾಕೆ ಬಡಿಯುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

“ಅರ್ಧಾ ಕೆಲಸ ನೀವ ಮಾಡಿದ್ರಿ, ಅಮ್ಮಾರ,” ಎಂದು ಅವರು ಸ್ಕ್ರೂ ಬಿಚ್ಚಲು ಕೂತರು.

ಹಿಂದಿನ ಮುಚ್ಚಳ ಬಂದಾಗ ನನಗೆ ಆಶ್ಚರ್ಯವಾಯಿತು. ಒಳಗೆ ಏನೇನೋ ತುಂಬಿರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಬಹಳಷ್ಟು ಖಾಲಿ ತಗಡು, ಅದರ ಮೇಲೆ ಅಂಗೈ ಅಗಲದ ಎರಡು ಬೋರ್ಡು, ನಾಲ್ಕಾರು ವೈರು. “ಇಷ್ಟರಿ?” ಎಂದೆ.

“ಇಷ್ಟರಿ. ಇದು ಕರೆಂಟ್ ಹಂಚೂದು, ಇದು ಚಿತ್ರ ಧ್ವನಿ ನೋಡಿಕೊಳ್ಳೂದು. ಕೈ ಹಚ್ಚಬ್ಯಾಡ್ರಿ ಅಕ್ಕಾರ. ಪ್ಲಗ್ ತಗದ್ರೂ ಇದರಾಗ ಕರೆಂಟ್ ಉಳದಿರತೈತಿ.”

ಒಂದು ಹಳೆಯ ಬಲ್ಬಿಗೆ ಕಟ್ಟಿದ್ದ ಎರಡು ವೈರುಗಳನ್ನು ಬೋರ್ಡಿಗೆ ತಾಗಿಸಿದರು. ಬಲ್ಬು ಕಣ್ಣು ಮಿಟುಕಿಸುವಷ್ಟು ಹೊತ್ತು ಮಿಂಚಿ ಆರಿತು. ಪ್ಲಗ್ ತೆಗೆದಿದ್ದ ಟಿ.ವಿ.ಯಿಂದ ಬಲ್ಬು ಹತ್ತಿದ್ದನ್ನು ಅತ್ತೆ ಇನ್ನೊಮ್ಮೆ ನೋಡಬೇಕೆಂದರು. ಇನ್ನೊಮ್ಮೆ ತಾಗಿಸಿದರೆ ಏನೂ ಇಲ್ಲ. “ಖಾಲಿ ಆತ್ರಿ,” ಎಂದು ಅವರು ನಕ್ಕರು.

ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳು ಸಾಲಾಗಿ ನಿಂತಿದ್ದವು. ಎಲ್ಲದರ ತಲೆ ಸಪಾಟಾಗಿತ್ತು, ಒಂದರದು ಮಾತ್ರ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು. ಟಕ್ ಟಕ್ ಎನ್ನಲು ಅದೇ ಕಾರಣ, ಅದು ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ, ಟಿ.ವಿ. ಏಳಲು ಹೋಗಿ ಕೂತುಬಿಡುತ್ತಿದೆ ಎಂದು ತಿಳಿಸಿ ಹೇಳಿದರು. ಅದನ್ನು ಕಿತ್ತು, ಡಬ್ಬಿಯಿಂದ ಅದೇ ಅಳತೆಯ ಹೊಸದನ್ನು ಹುಡುಕಿ ಕೂಡಿಸಿ, ತಮ್ಮ ಮನೆಯ ಕೇಬಲ್ ಜೋಡಿಸಿ, ನಮ್ಮನ್ನು ದೂರ ಸರಿಸಿ ಪ್ಲಗ್ ಹಾಕಿದರು. ಒಂದೇ ಟಕ್. ಕೆಂಪು ದೀಪ ಹಸಿರಾಯಿತು. ಆಮೇಲೆ ಯಾರೋ ಹೆಂಗಸು ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನ ಹೇಳುವುದು ಕೇಳಿಸಿತು. ಪರದೆ ಮಾತ್ರ ಕಪ್ಪು.

“ಈಗ ಅಮ್ಮಾರ ಹೇಳಿದ್ದ ಎರಡನೇ ತ್ರಾಸ,” ಎಂದ ಅವರು ಕೋಣೆಯ ದೀಪ ಆರಿಸಿ ಕೈಬ್ಯಾಟರಿಯ ಬೆಳಕನ್ನು ಪರದೆಗೆ ತೀರಾ ಹತ್ತಿರ ಹಿಡಿದರು. “ಹತ್ರ ಬಂದ ನೋಡ್ರಿ.”

ಬೆಳಕು ಬಿದ್ದ ತಟ್ಟೆಯಷ್ಟು ಜಾಗದಲ್ಲಿ ಒಂದು ಕೈ, ಒಂದು ಸೌಟು ಮಸುಕಾಗಿ ಆಡುತ್ತಿದ್ದವು. ಬ್ಯಾಟರಿ ಸರಿಸಿದರೆ ಆ ಹೆಂಗಸಿನ ಮುಖ.

“ಅಯ್ಯ! ಅದಾಳಲ್ಲ ಒಳಗ!” ಎಂದರು ಅತ್ತೆ.

ಚಿತ್ರ ಇದೆ, ಅದರ ಹಿಂದೆ ಹತ್ತಬೇಕಾದ ದೀಪಗಳಷ್ಟೇ ಹತ್ತಿಲ್ಲ ಎಂದು ನನಗೆ ಆಗ ತಿಳಿಯಿತು. ಏಳು ವರ್ಷ ನೋಡಿದ ಟಿ.ವಿ.ಯಲ್ಲಿ ಬೆಳಕು ಬೇರೆ, ಚಿತ್ರ ಬೇರೆ ಎಂಬುದು ನನಗೆ ಗೊತ್ತಿರಲಿಲ್ಲ.

ಅವರು ಕೋಣೆಯ ದೀಪ ಮತ್ತೆ ಹಾಕಿದರು. ಆಮೇಲೆ ನೇರವಾಗಿ ಹೇಳಿದರು: ದೀಪಗಳನ್ನು ಮುಟ್ಟಬೇಕಾದರೆ ಮುಂದಿನ ಗಾಜನ್ನು ಎತ್ತಬೇಕು, ಅದು ಹಪ್ಪಳಕ್ಕಿಂತ ನಾಜೂಕು, ಒಂದು ಮೂಲೆ ಬಾಗಿದರೂ ಮುಗಿಯಿತು. “ಒಡದ್ರ ಟಿ.ವಿ. ಹೋದಂಗ. ನೀವ ವಿಚಾರ ಮಾಡ್ರಿ.”

ನಾನು ಅತ್ತೆಯ ಮುಖ ನೋಡಿದೆ. ಅವರು ಆಗಲೇ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು. “ತಗೀರಿ. ಇಲ್ಲೀತನಾ ಬಂದು ನೋಡದ ಹೋಗೂದೇನ?”

ರಿಪೇರಿಯವರು ಒಂದು ಕಡೆ ಎತ್ತಿ ಹಿಡಿದರು, ನಾನು ಇನ್ನೊಂದು ಕಡೆ. ಗಾಜಿನ ಅಂಚಿಗೆ ಅಂಟಿದ್ದ ತೆಳುವಾದ ಪಟ್ಟಿಯನ್ನು ಅತ್ತೆ ಎರಡೂ ಅಂಗೈ ಮೇಲೆ ಹಿಡಿದಿದ್ದರು. ಮೂವರೂ ಉಸಿರು ಬಿಗಿಹಿಡಿದು ನಾಲ್ಕು ಹೆಜ್ಜೆ ನಡೆದು ಅದನ್ನು ಮಂಚದ ಮೇಲೆ ಮಲಗಿಸಿದೆವು. ಕೆಳಗೆ ಮೂರು ಬಿಳಿ ಹಾಳೆ, ಅವುಗಳ ಕೆಳಗೆ ಉದ್ದ ಪಟ್ಟಿಗಳಲ್ಲಿ ಎಲ್‌ಇಡಿ ದೀಪಗಳು. ಗಣಪತಿಯ ಮುಂದೆ ಹಾಕುವ ದೀಪದ ಸರದ ಹಾಗೆ ಒಂದಕ್ಕೊಂದು ಜೋಡಿಸಿದವು, ಒಂದು ಸತ್ತರೆ ಎಲ್ಲವೂ ಆರುತ್ತವೆ. ಇದನ್ನು ನಾನು ಪ್ರತಿ ವರ್ಷ ಆರನೇ ತರಗತಿಗೆ ಪಾಠ ಮಾಡುತ್ತೇನೆ.

ಸತ್ತ ದೀಪ ಯಾವುದೆಂದು ಅವರು ಒಂದೊಂದನ್ನೇ ಹತ್ತಿಸಿ ನೋಡಿದರು. ಎಲ್ಲವೂ ಹತ್ತಿದವು.

“ಎಲ್ಲಾ ಜೀವಂತ ಅದಾವು,” ಎಂದು ತಲೆ ಕೆರೆದುಕೊಂಡರು. ಬೋರ್ಡಿನಿಂದ ದೀಪಗಳಿಗೆ ಕರೆಂಟ್ ತರುವ ವೈರಿಗೆ ಮೀಟರ್ ಹಚ್ಚಿದರು. ವೈರು ಸರಿಯಿದ್ದರೆ ಕೂಗುವ ಮೀಟರ್ ಅದು, ಕೂಗಿತು. ದೀಪ ಸರಿ, ವೈರು ಸರಿ, ಮತ್ತೆ ಬೆಳಕು ಯಾಕಿಲ್ಲ? ಒಳಗಿನಿಂದ ಚಹಾ ಬಂತು, ಕುಡಿದೆವು. ನಾನು ಏನೇನೋ ಊಹೆ ಮಾಡಿದೆ, ಅವರು ಒಂದೊಂದಕ್ಕೂ ತಾಳ್ಮೆಯಿಂದ ಇಲ್ಲ ಎಂದರು.

“ನಾ ಬಡೀತಿದ್ದ ಜಾಗಾ ಇದರಾಗ ಯಾವದ್ರಿ?” ಎಂದು ಅತ್ತೆ ಕೇಳಿದರು. ರಿಪೇರಿಯವರು ತೋರಿಸಿದರು. ಆ ಎಡಬದಿಯಲ್ಲೇ ವೈರು ಹಾದುಹೋಗಿತ್ತು. ಅತ್ತೆ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ನೋಡದೆ, ನಿಧಾನವಾಗಿ ಸರಿಸುತ್ತ ಹೋದರು. ಗರಗದ ತವರಿನಲ್ಲಿ ಮದುವೆಗೆ ಮೊದಲು ಒಂಬತ್ತು ವರ್ಷ ಖಾದಿ ನೂಲು ತೆಗೆದ ಬೆರಳು ಅವು. ತುದಿಗೆ ಬರುವ ಮುನ್ನ ಬೆರಳು ನಿಂತಿತು.

“ಇಲ್ಲೆ ಎಳಿ ಹರದೈತಿ.”

“ಮ್ಯಾಲ ಏನೂ ಕಾಣವಲ್ದಲ್ರಿ, ಅಮ್ಮಾರ.”

“ಮ್ಯಾಲ ಅಲ್ರಿ, ಒಳಗ. ಇಲ್ಲೆ ಪೊಳ್ಳ ಐತಿ.”

ಅವರು ಮತ್ತೆ ಮೀಟರ್ ಹಚ್ಚಿ, “ಅಲ್ಲೆ ಸ್ವಲ್ಪ ಮಣಸ್ರಿ,” ಎಂದರು. ಅತ್ತೆ ಬಾಗಿಸಿದರು, ಮೀಟರಿನ ಕೂಗು ನಿಂತಿತು. ಬಿಟ್ಟರು, ಕೂಗಿತು. ಮತ್ತೆ ಬಾಗಿಸಿದರು, ನಿಂತಿತು. ರಿಪೇರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಬ್ಲೇಡಿನಿಂದ ಮೇಲಿನ ಪ್ಲಾಸ್ಟಿಕ್ ಸೀಳಿದಾಗ ಒಳಗೆ ತಾಮ್ರದ ಎಳೆಗಳು ತುಂಡಾಗಿ, ಒಂದಕ್ಕೊಂದು ಸುಮ್ಮನೆ ಮುಟ್ಟಿಕೊಂಡಿದ್ದವು; ಟಿ.ವಿ.ಯೊಳಗೆ ವೈರು ಬಾಗಿ ಕೂತಾಗ ಬೇರೆಯಾಗುತ್ತಿದ್ದವು.

ಬೆಸೆಯಲು ಐದು ನಿಮಿಷವೂ ಹಿಡಿಯಲಿಲ್ಲ. ಹಾಳೆಗಳನ್ನು ಧೂಳು ಕೂಡದಂತೆ ಮರಳಿ ಹಾಸಿ ಗಾಜು ಕೂಡಿಸಲು ಒಂದು ತಾಸು ಬೇಕಾಯಿತು. ಪ್ಲಗ್ ಹಾಕಿದಾಗ ಪರದೆಯ ತುಂಬ ಬೆಳಕು ಬಂತು. ಅತ್ತೆ, “ಬಂತ ನೋಡ,” ಎಂದರಷ್ಟೆ.

ಸಂಜೆ ಯಜಮಾನರು ಬಂದು ಟಿ.ವಿ. ಹತ್ತಿದ್ದು ಕಂಡು, “ಯಾರ ಮಾಡಿದ್ರು?” ಎಂದರು. ನಾನು ಹೇಳಿದೆ. ನಂಬದೆ ತಾಯಿಯ ಕಡೆ ನೋಡಿದರು. ಅತ್ತೆ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿ ಬಿಡಿಸುತ್ತಿದ್ದರು.

ಅವರು ನೂಲು ತೆಗೆಯುತ್ತಿದ್ದರೆಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಅದು ಹೇಗೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅಂದು ಅವರ ಎದುರಿಗೆ ಕೂತೆ. “ಎಳಿ ಸಣ್ಣ ಆದದ್ದು ನೋಡದ ಹೆಂಗ ಗೊತ್ತಾಗತೈತ್ರಿ, ಅತ್ತಿ?”

“ಹರಿಯೂ ಮೊದಲ ಬೆರಳಿಗೆ ಹಗೂರ ಅನಸ್ತೈತಿ. ಕೈ ಕೊಡು.”

ಹತ್ತಿಯ ಒಂದು ತುದಿ ನನ್ನ ಬೆರಳಿಗೆ ಕೊಟ್ಟು, ಹೊಸೆಯುತ್ತ ಎಳೆಯಲು ಹೇಳಿದರು. ಗೇಣುದ್ದವೂ ಬರಲಿಲ್ಲ, ಹರಿಯಿತು.

“ಈಗ ಹಗೂರ ಅನಸ್ತೋ ಇಲ್ಲೋ?”

“ಇಲ್ರಿ.”

“ಕಣ್ಣ ಮುಚ್ಚು,” ಎಂದು ಮತ್ತೊಂದು ಎಸಳು ಹತ್ತಿ ಕೊಟ್ಟರು.