ಗೂಳಿಕಲ್ಲಿನ ಕಾವಲು ಪುಟ್ಟತಾಯಮ್ಮ

ಸಂತೆಬಾಚಹಳ್ಳಿಯಾಚೆಯ ಕುರುಚಲು ಗುಡ್ಡದಲ್ಲಿ ಗೂಳಿಕಲ್ಲು ಎಂಬ ದೊಡ್ಡ ಬಂಡೆಯಿದೆ. ಮುಂದಕ್ಕೆ ಚಾಚಿದ ನೆತ್ತಿಯ ಕೆಳಗೆ, ಅದರ ಒಳಮೈಯಲ್ಲಿ ಸಾವಿರಾರು ವರ್ಷಗಳ ಹಿಂದೆ ಯಾರೋ ಕೆಮ್ಮಣ್ಣಿನಿಂದ ಬರೆದ ಗೂಳಿ. ಅದನ್ನು ಕಾಯುವವಳು ಪುಟ್ಟತಾಯಮ್ಮ. ಹದಿನೇಳು ವರ್ಷದಿಂದ ಆಕೆ 'ತಾತ್ಕಾಲಿಕ' ನೌಕರಳು. ಆಕೆಗಿಂತ ಮೊದಲು ಗೂಳಿಯೇ ಖಾಯಂ ಆದೀತೆಂದು ಊರವರ ಅಂದಾಜು.

ಮಳೆ, ಬಿಸಿಲು, ಕುರಿ ಕಾಯುವವರ ಬೆಂಕಿ ಎಲ್ಲವನ್ನೂ ಆ ಗೂಳಿ ತಾಳಿಕೊಂಡಿತ್ತು. ಆಮೇಲೆ ಅದನ್ನು ಕಾಪಾಡಲು ಪುರಾತತ್ವ ಇಲಾಖೆಯ ಕಚೇರಿಯಿಂದ ತಿಮ್ಮರಾಜು ಸಾಹೇಬರು ಬಂದರು. "ಬಂಡೆಯನ್ನು ಮುಟ್ಟಬಾರದು" ಎಂಬ ಕಬ್ಬಿಣದ ಫಲಕ ತಂದಿದ್ದರು. ಅದನ್ನು ಬಂಡೆಯ ನೆತ್ತಿಗೇ ಬೋಲ್ಟು ಹಾಕಿ ಬಿಗಿಯಲು ಹೊರಟರು.

"ಬ್ಯಾಡಿ ಸಾ, ಕೊರುದ್ರೆ ಬಂಡೆ ಬಿರುಕು ಬುಡ್ತದೆ. ಪಕ್ಕದ ಮಣ್ಣಾಗೆ ಕಂಬ ನೆಡಿ," ಎಂದಳು ಪುಟ್ಟತಾಯಮ್ಮ.

"ಎಷ್ಟನೇ ಕ್ಲಾಸು ಓದಿದ್ದೀಯಮ್ಮ?"

"ನಾಕು, ಸಾ."

ತಾಂತ್ರಿಕ ಚರ್ಚೆ ಅಲ್ಲಿಗೆ ಮುಗಿಯಿತು. ನಾಲ್ಕು ಬೋಲ್ಟು ಇಳಿದವು.

ಮುಂದಿನ ಮೂರು ಮಳೆಗಾಲಗಳಲ್ಲಿ ಗೂಳಿಯ ಬೆನ್ನು ಚಕ್ಕೆಯೆದ್ದು ಉದುರಿತು. ಆಕೆ ಒಂದೊಂದು ಚಕ್ಕೆಯನ್ನೂ ತಾರೀಕಿನ ಚೀಟಿಯೊಡನೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕಚೇರಿಗೆ ಒಯ್ದು ತೋರಿಸಿ ತಂದಳು. ಪ್ರವಾಸಿಗರು ಮುಟ್ಟಲು ಬಿಟ್ಟದ್ದೇಕೆಂದು ಸಾಹೇಬರು ಆಕೆಗೇ ನೋಟಿಸು ಕೊಟ್ಟರು. ಅಲ್ಲಿಗೆ ವರ್ಷಕ್ಕೆ ಬರುವ ಪ್ರವಾಸಿಗರು ಆರು ಜನ.

ಕಳೆದ ವರ್ಷ ಯಶೋಧರಾ ಎಂಬ ಭೂಭೌತ ವಿಜ್ಞಾನಿ ಬಂದಳು. ಬಂಡೆಯ ನೆತ್ತಿಯ ಮೇಲೆ, ಒಳಗಿನ ಬಿರುಕು ತೋರಿಸುವ ರೇಡಾರ್ ಪೆಟ್ಟಿಗೆಯನ್ನು ಮೆಲ್ಲಗೆ ಸರಿಸಿದಳು. ಚಿತ್ರದೆದುರು ಶಾಖ ಗುರುತಿಸುವ ಕ್ಯಾಮರಾ ನಿಲ್ಲಿಸಿದಳು. ಒಂದು ಗೀರೂ ಬೀಳಲಿಲ್ಲ. "ಇಷ್ಟೇನಾ?" ಎಂದರು ಸಾಹೇಬರು. ಏನನ್ನೂ ಕೊರೆಯದ್ದನ್ನು ಕೆಲಸವೆಂದು ಒಪ್ಪುವುದು ಅವರಿಗೆ ಕಷ್ಟವಾಗಿತ್ತು.

"ಬಿರುಕು ಶುರುವಾಗಿರೋದು ಬೋಲ್ಟಿನ ತೂತಿಂದ. ನೀರು ಇಳಿದು ಚಿತ್ರದ ಹಿಂದೆ ನಿಲ್ತಿದೆ," ಎಂದಳು ಯಶೋಧರಾ. "ಯಾವಾಗಿಂದ ಅಂತ ಗೊತ್ತಾದ್ರೆ ಚೆನ್ನಾಗಿತ್ತು."

ಪುಟ್ಟತಾಯಮ್ಮ ಡಬ್ಬಿ ತೆರೆದಳು. ಚೀಟಿಗಳನ್ನು ಒಂದೊಂದಾಗಿ ಓದಿದ ಯಶೋಧರಾ, ವರದಿಯಲ್ಲಿ ಆಕೆಯ ಹೆಸರನ್ನೂ ಬರೆದಳು.

ಬೋಲ್ಟು ತೆಗೆಯಿರಿ, ನೀರು ತಿರುಗಿಸಿ ಎಂದು ವರದಿ ಹೇಳಿತು. ಅದನ್ನು ಓದುವಷ್ಟು ಬಿಡುವಿಲ್ಲದ ಸಾಹೇಬರು ಇನ್ನೂ ದೊಡ್ಡ ಫಲಕ ತಂದರು: "ವೈಜ್ಞಾನಿಕವಾಗಿ ಸಂರಕ್ಷಿಸಿದ ಬಂಡೆ." ಜೊತೆಗೆ ಡ್ರಿಲ್ಲೂ ಬಂತು.

ಕೊರೆಯಲು ಗುರುತು ಹಾಕಿದ್ದ ಜಾಗದಲ್ಲೇ ಪುಟ್ಟತಾಯಮ್ಮ ಕೂತುಬಿಟ್ಟಳು. ಕೆಲಸ ಹೋದರೂ ಹೋದೀತೆಂದು ಗೊತ್ತಿತ್ತು. "ಓದಿರೋರು ಬರ್ದವ್ರೆ ಸಾ. ಮೊದ್ಲು ಓದ್ಕಂಡ್ ಬನ್ನಿ, ಆಮ್ಯಾಕೆ ಕೊರೀರಿ."

ಡ್ರಿಲ್ ಜೀಪಿಗೆ ಹಿಂತಿರುಗಿತು. ಸಾಹೇಬರು ವರದಿ ಓದಿ ಮುಗಿಸಿದ ತಿಂಗಳ ಮೇಲೆ ಬೋಲ್ಟುಗಳೂ ಹೊರಬಂದವು, ತೂತು ಮುಚ್ಚಿದರು. ಬಂಡೆಯ ಮೇಲ್ಗಡೆಯ ಮಣ್ಣಿನಲ್ಲಿ ಪುಟ್ಟತಾಯಮ್ಮನೇ ಗುದ್ದಲಿ ಹಿಡಿದು ಕಾಲುವೆ ತೋಡಿದಳು.

ಹೋದ ಬೆನ್ನು ಹೋಯಿತು. ಕೊಂಬು, ಕಾಲು, ಬಾಲ ಉಳಿದವು. ಈ ಮುಂಗಾರಿನಲ್ಲಿ ನೀರು ಕಾಲುವೆ ಹಿಡಿದು ಬಂಡೆಯಿಂದಾಚೆ ಹರಿಯಿತು. ಒಳಮೈ ಒಣಗಿಯೇ ಇತ್ತು. ಪುಟ್ಟತಾಯಮ್ಮ ಒದ್ದೆ ಸೆರಗು ಹಿಂಡಿ, ಗೂಳಿಯ ಎದುರು ಕೂತು ಬುತ್ತಿ ಬಿಚ್ಚಿದಳು.