ಮೆಣಸಿನಕಾಯಿ ಚೀಲದ ಮರೆಯಲ್ಲಿ

ನನ್ನ ಪದವಿಗೆ ಯಾರೂ ಕಿಮ್ಮತ್ತು ಕೊಡದಿದ್ದ ದಿನಗಳಲ್ಲಿ, ವಿಡಿಯೋ ಗೇಮಿನ ದೃಶ್ಯಗಳಲ್ಲಿ ಬೆಳಕು ಸಹಜವಾಗಿದೆಯೇ ಎಂದು ಪರೀಕ್ಷಿಸುವ ಕೆಲಸವೊಂದು ಸಿಗುವಂತಿತ್ತು. ಅದಕ್ಕೆ ಮಾದರಿ ವರದಿಯೊಂದನ್ನು ಕಳುಹಿಸಬೇಕಿತ್ತು; ಅಂದೇ ಕೊನೆಯ ದಿನ. ಬ್ಯಾಡಗಿಯ ಸೈಬರ್ ಕೆಫೆಯಲ್ಲಿ ಬಿಸಿಲು ನೇರವಾಗಿ ಪರದೆಗೆ ಬಡಿಯುತ್ತಿತ್ತು. ಕಿಟಕಿ ಮುಚ್ಚಿಸಿ ಎಂದು ಮಾಲೀಕನಿಗೆ ಒರಟಾಗಿಯೇ ಹೇಳಿದೆ.

“ಬೆಳಕ ನೋಡಾಕ ಕತ್ತಲಿ ಬೇಕೇನ್ರಿ ಸಾಹೇಬ್ರ?” ಎಂದ ಮಾಲೀಕ, ಮೆಣಸಿನಕಾಯಿಯ ಖಾಲಿ ಚೀಲವೊಂದನ್ನು ಕಿಟಕಿಗೆ ಇಳಿಬಿಟ್ಟ. ಕೆಫೆಯಲ್ಲಿದ್ದವರೆಲ್ಲ ಸೀನತೊಡಗಿದರು. ಚೀಲ ತೆಗೆಯಲು ನಾನೇ ಎದ್ದೆ.

ಮಗಳ ಫಲಿತಾಂಶ ನೋಡಲು ಬಂದಿದ್ದ ಹೆಂಗಸೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಕುಂದ್ರಪಾ, ನಿನ್ನ ಕೆಲಸ ಮುಗಿಸು. ಸೀನಿದ್ರ ಯಾರೂ ಸಾಯೂದಿಲ್ಲ,” ಎಂದರು.

ಕುಳಿತೆ. ಗೇಮಿನ ದೃಶ್ಯದಲ್ಲಿ ದೀಪ ಸರಿದರೂ ಕಂಬದ ನೆರಳು ಕದಲದಿದ್ದ ದೋಷ ಆಗ ಕಂಡಿತು; ಅದನ್ನೇ ಬರೆದು ಕಳುಹಿಸಿದೆ. ಕೆಲಸ ಸಿಕ್ಕಿತು. ನನ್ನ ದೃಷ್ಟಿ ಸೂಕ್ಷ್ಮವೆಂದು ಸಂಸ್ಥೆಯವರು ಬರೆದಿದ್ದರು. ಆ ಹೊತ್ತಿನಲ್ಲಿ ಎರಡೂ ಕಣ್ಣುಗಳಿಂದ ನೀರು ಸುರಿಯುತ್ತಿತ್ತೆಂದು ನಾನು ತಿಳಿಸಲಿಲ್ಲ. ಅದಷ್ಟೂ ಮೆಣಸಿನಕಾಯಿಯದೇ ಎಂದೂ ಹೇಳಲಾರೆ.