ದೀಪ ಆರಬಾರದೆಂದು ನಿಲ್ಲಿಸಿದ ಫ್ಯಾನು

ಸಿಂಚನಾ, ಮನೋಜ,

ನಿಮ್ಮ ಅಜ್ಜಿ ಮಾತಿನವಳಲ್ಲ. ನಮ್ಮೂರು ಸಾರಥಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ನೆಲ ನೋಡುತ್ತಾ ನಿಲ್ಲುತ್ತಿದ್ದೆ. ಈಗಲೂ ಹಾಗೆಯೇ. ಆಯುಧಪೂಜೆಯ ಹೊತ್ತಿಗೆ ನನಗೆ ಏನಾಯಿತು ಎಂದು ನೀವು ಎಷ್ಟು ಸಲ ಕೇಳಿದರೂ "ಏನಿಲ್ರೋ, ಕೆಮ್ಮು" ಎಂದುಬಿಟ್ಟೆ. ಬರೆಯುವುದಾದರೆ ಹೇಳಬಲ್ಲೆ.

ಮೊದಲು ಗಂಟಲಿಗೆ ಮೆಣಸಿನಕಾಯಿ ಸುಟ್ಟ ಘಾಟು ಹೊಡೆದಂತಾಯಿತು. ಎರಡನೇ ಉಸಿರಿಗೆ ಕಣ್ಣು ಉರಿಯಿತು.

ಮೂರನೇ ಉಸಿರು ಒಳಗೆ ಹೋಗಲೇ ಇಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ಅವರ ಅಟೆಂಡರ್ ಕೆಲಸ ನನಗೆ ಬಂತು. ಆವತ್ತಿನಿಂದ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತೇನೆ, ಟೇಬಲ್ ಒರೆಸುತ್ತೇನೆ. ಪೂಜೆಯ ದಿನ ರಜೆ ಇರುತ್ತದೆ, ಹಾಗಾಗಿ ಲ್ಯಾಬಿನ ಪೂಜೆ ಹಿಂದಿನ ದಿನವೇ. ತಕ್ಕಡಿಗೆ, ಮಷಿನುಗಳಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಟೇಬಲ್ಲಿನ ಮೇಲೆ ದೀಪ ಇಟ್ಟೆವು. ಗೋಡೆಯ ಎಕ್ಸಾಸ್ಟ್ ಫ್ಯಾನಿನ ಗಾಳಿಗೆ ದೀಪ ನಿಲ್ಲಲಿಲ್ಲ. ಲ್ಯಾಬಿನ ಜವಾಬ್ದಾರಿ ಇರುವ ರೇವಣಸಿದ್ದಪ್ಪ ಸರ್ ತಾವೇ ಎದ್ದು ಸ್ವಿಚ್ ಆರಿಸಿದರು. ಕಿಟಕಿಗಳನ್ನು ಹುಡುಗರು ಮುಚ್ಚಿದರು.

"ಐದು ನಿಮಿಷ ಇರ್ರಿ, ಕಾಯಿ ತರ್ತೀವಿ" ಎಂದು ಎಲ್ಲರೂ ಹೊರಗೆ ಹೋದರು.

ನನ್ನ ಕಣ್ಣು ಮೂಲೆಯ ಸಿಂಕಿಗೆ ಬಿತ್ತು. ಕಂದು ಕಲೆ. ಎಲ್ಲ ಥಳಥಳ ಹೊಳೆಯುವಾಗ ಅದೊಂದು ಹಾಗೆಯೇ ಇತ್ತು. ಬ್ಲೀಚಿಂಗ್ ಪೌಡರ್ ಉದುರಿಸಿ ಉಜ್ಜಿದೆ. ಹೋಗಲಿಲ್ಲ. ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ ಸುರಿದೆ. ಒಂದಕ್ಕೆ ಹೋಗದ್ದು ಎರಡಕ್ಕೆ ಹೋಗುತ್ತದೆ ಎಂದುಕೊಂಡೆ. ಸಿಂಕಿನಲ್ಲಿ ನೊರೆ ಎದ್ದಿತು. ಆಮೇಲೆ ಆ ಘಾಟು.

ನನ್ನನ್ನು ಹೊರಗೆ ಎಳೆದು ತಂದವಳು ಕಾವ್ಯ, ಪಿಎಚ್‌ಡಿ ಮಾಡುವ ಹುಡುಗಿ. ಹೂವಿನ ಬುಟ್ಟಿ ಇಡಲು ಬಂದಿದ್ದಳಂತೆ. ಅವಳು ಬರದಿದ್ದರೆ ಎಂಬ ಯೋಚನೆಯನ್ನು ನಾನು ಮಾಡುವುದಿಲ್ಲ. ಬಂದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್, ನೆಬ್ಯುಲೈಸರ್, ಇಂಜೆಕ್ಷನ್. ಬೆರಳಿಗೆ ಒಂದು ಕ್ಲಿಪ್. ಮಲಗಲು ಆಗುತ್ತಿರಲಿಲ್ಲ, ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ. ದಿಂಬಿಗೆ ಒರಗಿ ಕೂತೇ ಇರುತ್ತಿದ್ದೆ. ಒಂದು ಮಾತಾಡಿದರೆ ಎರಡು ಸಲ ನಿಲ್ಲಬೇಕು. ನಿಮ್ಮ ಅಮ್ಮ ನಿರ್ಮಲಾ ಅಳುವುದನ್ನು ಬಿಟ್ಟು ತಮಾಷೆ ಮಾಡಿದಳು: "ಇಷ್ಟು ವರ್ಷ ಬಾಯಿ ಬಿಡದಾಕಿ, ಮಾಸ್ಕ್ ಹಾಕಿದ ಮ್ಯಾಲೆ ಮಾತಾಡಾಕ ನೋಡ್ತೀಯಲ್ಲಮ್ಮ!"

ಡಾಕ್ಟರ್ ಕೇಳಿದರು, "ಏನೇನು ಕೂಡ್ಸಿದ್ರಿ ಅಮ್ಮ?"

ಹೇಳಿದೆ.

"ಅವೆರಡೂ ಕೂಡಿದ್ರೆ ಕ್ಲೋರಿನ್ ಗ್ಯಾಸ್ ಬರತೈತ್ರಿ. ಲ್ಯಾಬಿನಾಗ ಕೆಲಸ ಮಾಡ್ತೀರಿ, ನಿಮಗೆ ಯಾರೂ ಹೇಳಿಲ್ಲ?"

ಯಾರೂ ಹೇಳಿರಲಿಲ್ಲ.

ಆದರೆ ಹೇಳಿದ್ದಾರೆ ಎಂದು ಲ್ಯಾಬಿನ ದಾಖಲೆಯಲ್ಲಿತ್ತು. ಅದು ಮೂರನೇ ದಿನ ಗೊತ್ತಾಯಿತು. ಆಫೀಸಿನ ಗುಮಾಸ್ತರು ಟೈಪ್ ಮಾಡಿದ ಹಾಳೆ ತಂದರು. 'ನನ್ನ ಸ್ವಂತ ಅಜಾಗರೂಕತೆಯಿಂದ ಈ ಘಟನೆ ನಡೆದಿರುತ್ತದೆ' ಎಂದಿತ್ತು.

"ಇಲ್ಲೊಂದು ಸೈನ್ ಹಾಕ್ರಿ ಅಮ್ಮಾರ. ಫೈಲ್ ಮುಗೀತೈತೆ. ನಿಮಗೇನೂ ತೊಂದ್ರೆ ಆಗಲ್ಲ."

ನಾನು ಪೆನ್ನು ತೆಗೆದುಕೊಂಡೆ. ಕೊಟ್ಟ ಕಡೆ ಸಹಿ ಹಾಕಿಯೇ ನನಗೆ ರೂಢಿ. ನನ್ನ ಕೈ ತಡೆಯಿತೋ, ಕೆಮ್ಮು ತಡೆಯಿತೋ, ಗೊತ್ತಿಲ್ಲ. "ನನಗೆ ಯಾರೂ ಹೇಳಿರಲಿಲ್ಲ" ಎಂದೆ.

"ಅದೆಂಗ್ರಿ? ಸೇಫ್ಟಿ ಟ್ರೇನಿಂಗ್ ರಿಜಿಸ್ಟರಿನಾಗ ವರ್ಷಾ ವರ್ಷಾ ನಿಮ್ಮ ಸೈನ್ ಐತಲ್ಲ!"

ಐತೆ. ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಸರ್ ಆ ಕ್ಲಾಸ್ ತೆಗೆದುಕೊಳ್ಳುತ್ತಾರೆ. ಕುರ್ಚಿ ಹಾಕುವವಳು ನಾನು. ನೀರಿನ ಬಾಟಲಿ ಇಡುವವಳು ನಾನು. ಆಮೇಲೆ ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇನೆ. ಒಳಗೆ ಇಂಗ್ಲಿಷಿನಲ್ಲಿ ಮಾತು ನಡೆಯುತ್ತದೆ. ಮುಗಿದ ಮೇಲೆ, "ಗೌರಮ್ಮ, ನೀವೂ ಒಂದು ಸೈನ್ ಹಾಕಿಬಿಡ್ರಿ" ಎನ್ನುತ್ತಾರೆ. ಹಾಕುತ್ತೇನೆ. ದುಂಡಗೆ, ಚೆಂದವಾಗಿ.

ಗುಮಾಸ್ತರಿಗೆ ನಾಳೆ ಬರಲು ಹೇಳಿ ಕಳಿಸಿದ್ದು ನಿಮ್ಮ ಅಪ್ಪ. ಗುತ್ತೂರಿನ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಹರಿಹರದಿಂದ ಬಸ್ಸು ಹಿಡಿದು ಆಗ ತಾನೇ ಬಂದಿದ್ದರು.

"ಹಾಕಬ್ಯಾಡ್ರಿ ಅತ್ತೆ. ನಮ್ಮಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಮೊದ್ಲು ಸೂಪರ್‌ವೈಸರ್‌ನ ಕರೀತಾರ. ಏನು ಹೇಳಿಕೊಟ್ಟಿದ್ದಿ, ಏನು ನೋಡಿದ್ದಿ ಅಂತ. ಪೆಟ್ಟಾದೋನ್ನ ಕೇಳೋದು ಆಮ್ಯಾಲೆ."

ನಿರ್ಮಲಾ ಹೆದರಿದಳು. "ಅಮ್ಮಗೆ ಇನ್ನೂ ಮೂರು ವರ್ಷ ಸರ್ವಿಸ್ ಐತ್ರಿ. ಆ ಸರ್ರೇ ಅಪ್ಪನ ಫೈಲ್ ಹಿಡಕಂಡು ಓಡಾಡಿ ಕೆಲಸ ಕೊಡಿಸಿದೋರು. ಅವರ ಮ್ಯಾಲೆ ಹೆಂಗೆ ಬರಿಯೋದು?"

ಅವಳು ಹೇಳಿದ್ದೂ ನಿಜ. ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಬೆಳಗಿನವರೆಗೂ ದಿಂಬಿಗೆ ಒರಗಿ ಕೂತಿದ್ದವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ತಪ್ಪು ನನ್ನದೊಂದೇ ಎಂದು ಸಹಿ ಹಾಕಿದರೆ ಲ್ಯಾಬಿನಲ್ಲಿ ಏನೂ ಬದಲಾಗುವುದಿಲ್ಲ. ನಾನು ಹೋದ ಮೇಲೆ ಇನ್ನೊಬ್ಬಳು ಬರುತ್ತಾಳೆ. ಅವಳೂ ಬಾಗಿಲ ಹೊರಗೆ ನಿಲ್ಲುತ್ತಾಳೆ. ಅವಳಿಗೂ ಸಿಂಕಿನ ಕಲೆ ಕಾಣಿಸುತ್ತದೆ.

ಸಿಂಚನಾ, ನೀನು ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದ ರಫ್ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡದ್ದು ಅದಕ್ಕೇ. ಇಷ್ಟು ಬರೆದೆ:

'ಎರಡನ್ನೂ ಸುರಿದವಳು ನಾನೇ. ಕೂಡಿಸಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ರಿಜಿಸ್ಟರಿನ ಸಹಿ ನನ್ನದು, ಕ್ಲಾಸಿನಲ್ಲಿ ನಾನು ಕೂತಿರಲಿಲ್ಲ. ದೀಪ ಆರಬಾರದೆಂದು ಫ್ಯಾನ್ ನಿಲ್ಲಿಸಿದವರು ರೇವಣಸಿದ್ದಪ್ಪ ಸರ್.'

ಕೊನೆಯ ಸಾಲನ್ನು ಎರಡು ಸಲ ಓದಿ ನೋಡಿದೆ. ಅಕ್ಷರಗಳು ನೆಟ್ಟಗಿದ್ದವು.

ಗುಮಾಸ್ತರಿಗಿಂತ ಮೊದಲು ಸರ್ರೇ ಬಂದರು, ಎರಡು ಎಳನೀರು ಹಿಡಿದುಕೊಂಡು. ಹಾಳೆ ಕೊಟ್ಟೆ. ನಿಂತೇ ಓದಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ಹುಡುಗ್ರಿಗೆ ಹೇಳ್ತಿದ್ದೆ. ನಿಮಗೂ ಹೇಳ್ಬೇಕು ಅನ್ನೋದು ತಲೆಗೇ ಬರ್ಲಿಲ್ಲ ನೋಡ್ರಿ."

"ನಾನೂ ಕೇಳ್ಲಿಲ್ಲ ಸರ್."

"ಕೇಳೋದು ನಿಮ್ಮ ಕೆಲಸ ಅಲ್ಲ ಗೌರಮ್ಮ. ಹೇಳೋದು ನನ್ನ ಕೆಲಸ."

ಜೇಬಿನಿಂದ ಹಸಿರು ಇಂಕಿನ ಪೆನ್ನು ತೆಗೆದು ಕೆಳಗೆ 'ಮೇಲೆ ಬರೆದಿರುವುದೆಲ್ಲ ನಿಜ' ಎಂದು ಬರೆದು ಸಹಿ ಹಾಕಿದರು. ಅವರಿಗೆ ನೋಟಿಸ್ ಬಂತು ಎಂದು ಆಮೇಲೆ ಕೇಳಿದೆ. ಬೇಸರವಾಯಿತು. ಆದರೆ ಬರೆದದ್ದಕ್ಕೆ ಬೇಸರವಿಲ್ಲ.

ಹನ್ನೊಂದು ದಿನಕ್ಕೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದೆ. ಊದುಕಡ್ಡಿ ಹಚ್ಚುವಂತಿಲ್ಲ. ಒಗ್ಗರಣೆ ಹಾಕುವಾಗ ನಾನು ವರಾಂಡಕ್ಕೆ ಹೋಗಬೇಕು. ಬಂದ ಹೊಸದರಲ್ಲಿ ಮೆಟ್ಟಿಲಲ್ಲಿ ಎರಡು ಕಡೆ ನಿಲ್ಲುತ್ತಿದ್ದವಳು ಈಗ ಒಂದೇ ಕಡೆ ನಿಲ್ಲುತ್ತೇನೆ. ದಿನಕ್ಕೆ ಎರಡು ಸಲ ಇನ್‌ಹೇಲರ್. ಮನೋಜ, ಅದನ್ನು ಪೀಪಿ ಎಂದು ಕರೆಯುವುದನ್ನು ಬಿಡು. ಪೂರ್ತಿ ಮೊದಲಿನಂತೆ ಆಗುತ್ತದೆಯೋ ಇಲ್ಲವೋ ಡಾಕ್ಟರ್ ಖಚಿತವಾಗಿ ಹೇಳಿಲ್ಲ. ಆದಷ್ಟು ಸಾಕು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಇದು ಎಷ್ಟು ದೊಡ್ಡ ವಿಷಯ ಎಂದು ಮೊದಲು ತಿಳಿದಿರಲಿಲ್ಲ.

ಕೆಲಸಕ್ಕೆ ಮರಳಿದ ಮೊದಲ ದಿನವೇ ಸರ್ ಮತ್ತೊಮ್ಮೆ ಸೇಫ್ಟಿ ಕ್ಲಾಸ್ ಇಟ್ಟಿದ್ದರು. ರೂಢಿಯಂತೆ ಕುರ್ಚಿ ಹಾಕಿದೆ, ನೀರಿಟ್ಟೆ, ಬಾಗಿಲ ಕಡೆ ನಡೆದೆ. ಸರ್ ಕರೆದರು. "ಎಲ್ಲಿಗೆ ಹೊಂಟ್ರಿ? ಮುಂದೆ ಬಂದು ಕೂಡ್ರಿ." ಕಸ ಗುಡಿಸುವ ಹನುಮಕ್ಕನನ್ನೂ ಕೂರಿಸಿದರು. ಕ್ಲಾಸ್ ಪೂರ್ತಿ ಕನ್ನಡದಲ್ಲಿ. ಮುಂದಿನ ವರ್ಷದಿಂದ ದೀಪ ಕಾರಿಡಾರಿನಲ್ಲಿ, ಫ್ಯಾನ್ ಯಾವತ್ತೂ ನಿಲ್ಲಿಸುವಂತಿಲ್ಲ ಎಂದರು. ಕೊನೆಗೆ "ಪ್ರಶ್ನೆ ಐತೇನ್ರಿ?" ಎಂದು ಕೇಳಿದರು.

ನಾನು ಕೈ ಎತ್ತಿದೆ. ಕಪಾಟಿನಲ್ಲಿ ಆಸಿಡ್ಡನ್ನೂ ಬ್ಲೀಚಿಂಗನ್ನೂ ಒಂದೇ ಕಡೆ ಯಾಕೆ ಇಟ್ಟಿದ್ದೀರಿ ಎಂದು ಕೇಳಿದೆ.

ಆವತ್ತೇ ಬೇರೆ ಮಾಡಿದರು. ರಿಜಿಸ್ಟರ್ ಬಂದಾಗ ಓದಿ ಸಹಿ ಹಾಕಿದೆ.

ಸಿಂಚನಾ, ಮುಂದಿನ ವರ್ಷ ನೀನು ಬಿಎಸ್ಸಿ ಲ್ಯಾಬಿಗೆ ಹೋಗುತ್ತೀ. ಈ ಹಾಳೆಗಳ ಹಿಂದೆ ಗುಮಾಸ್ತರು ತಂದಿದ್ದ ಆ ಟೈಪ್ ಮಾಡಿದ ಕಾಗದ ಪಿನ್ ಮಾಡಿದ್ದೇನೆ. ಕೆಳಗೆ ಸಹಿಯ ಜಾಗ ಖಾಲಿ ಇದೆ. ಹಳೇ ಕಾಗದ ಎಂದು ರದ್ದಿಗೆ ಹಾಕಬೇಡಿ. ನಾನು ಬರೆದದ್ದನ್ನೂ, ನಾನು ಸಹಿ ಹಾಕದೆ ಬಿಟ್ಟದ್ದನ್ನೂ ಇಬ್ಬರೂ ಸೇರಿ ಜೋಪಾನವಾಗಿ ಇಟ್ಟುಕೊಳ್ಳಿ.